ಲೋಕಾಂತರ

ನಮ್ಮ ಮನೆಯಲ್ಲಿ ಈಚೆಗೆ ‘ಲೋಕ’ ಎಂಬ ಶಬ್ದ ಬಹುವಚನದಲ್ಲಿ ಬಳಕೆಯಾಗುತ್ತಿದೆ. “ಆ ಹಳೇ ಲೋಕ ಅಳಿಸಿಬಿಡೇ, ಜಾಗ ಸಾಲೋದಿಲ್ಲ” ಎಂದು ಮಗ ತಂಗಿಗೆ ಬುದ್ಧಿ ಹೇಳುತ್ತಾನೆ. “ನನ್ನ ಲೋಕ ಮುನ್ನೂರು ಎಂ.ಬಿ. ಆಯ್ತು, ಗೊತ್ತಾ?” ಎಂದು ಅವಳು ಬೀಗುತ್ತಾಳೆ. ಮೇಲೆ ಏಳು, ಕೆಳಗೆ ಏಳು ಎಂದು ಹದಿನಾಲ್ಕು ಲೋಕಗಳನ್ನು ಎಣಿಸಿ ನಮ್ಮ ಹಿರಿಯರು ತೃಪ್ತರಾಗಿದ್ದರು. ನನ್ನ ಮಗನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೊಂದು ಇದ್ದವು. ಇಹ ಪರಗಳೆರಡನ್ನೇ ಸಂಭಾಳಿಸಲಾರದ ನನ್ನಂಥ ಅಧ್ಯಾಪಕನಿಗೆ ಇದು ಕೊಂಚ ಹೆಚ್ಚೇ ಆಯಿತು.

ಇದು ಮೈನ್‌ಕ್ರಾಫ್ಟ್ ಎಂಬ ಆಟದ ಮಾತು. ಮಕ್ಕಳಿರುವ ಮನೆಯವರಿಗೆ ಪರಿಚಯ ಬೇಡ. ಉಳಿದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬಾತ 2009ರಲ್ಲಿ ಇದರ ಮೊದಲ ರೂಪವನ್ನು ಹೊರಬಿಟ್ಟ. 2011ರಲ್ಲಿ ಪೂರ್ಣರೂಪ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು 250 ಕೋಟಿ ಡಾಲರು ಕೊಟ್ಟು ಆ ಸಂಸ್ಥೆಯನ್ನೇ ಕೊಂಡರು. ಆಟ ಎಂದರೆ ಸೋಲು ಗೆಲುವು ಇರಬೇಕೆಂದು ನಾವು ತಿಳಿದಿದ್ದೇವೆ. ಇಲ್ಲಿ ಅದು ಕಡ್ಡಾಯವಲ್ಲ. ಮಣ್ಣು, ಕಲ್ಲು, ಮರ, ನೀರು ಎಲ್ಲವೂ ಒಂದೊಂದು ಮೀಟರಿನ ಚೌಕದ ಗಟ್ಟಿಗಳು. ಅವನ್ನು ಅಗೆಯುವುದು, ಬೇಕಾದಲ್ಲಿ ಪೇರಿಸುವುದು, ಅಷ್ಟೆ. ಮಳೆಗಾಲದಲ್ಲಿ ಅಂಗಳದ ಕೆಸರಿನಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ. ಆದರೆ ನಮ್ಮ ಕೆಸರುಮನೆಯನ್ನು ಸಂಜೆಯ ಮಳೆ ತೊಳೆದುಕೊಂಡು ಹೋಗುತ್ತಿತ್ತು. ಇವರದು ಮರುದಿನವೂ ಇರುತ್ತದೆ. ಇರುತ್ತದೆ ಎಂಬುದರಿಂದಲೇ ಅದನ್ನು ಕಾಪಾಡುವ ತಲೆನೋವೂ ಹುಟ್ಟಿಕೊಂಡಿದೆ.

ಆ ತಲೆನೋವು ನನ್ನವರೆಗೆ ಬಂದದ್ದು ನನ್ನ ತಾಯಿಯ ಮೂಲಕ.

ಅಮ್ಮನ ತವರು ಶರಾವತಿಯ ದಂಡೆಯ ಒಂದು ಹಳ್ಳಿ. ದಂಡೆ ಎಂದೆ, ಈಗ ಅದು ದಂಡೆಯಲ್ಲಿಲ್ಲ, ನೀರಿನ ತಳದಲ್ಲಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಅಮ್ಮನಿಗೆ ಹದಿಮೂರೋ ಹದಿನಾಲ್ಕೋ ವರ್ಷ. ನಾಡಿಗೆ ದೀಪ ಬಂತು. ಆ ದೀಪದ ಕೆಳಗೆ ಕುಳಿತು ಓದಿದವನೇ ನಾನೂ, ಆದ್ದರಿಂದ ಆ ವಿಷಯದಲ್ಲಿ ದೊಡ್ಡ ದನಿಯಲ್ಲಿ ಮಾತಾಡಲಾರೆ. ಊರಿನವರು ಬಾಗಿಲು, ಮುಂಡಿಗೆ, ಹಂಚು, ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿ ಹೇರಿಕೊಂಡು ಹೊಸ ಜಾಗಕ್ಕೆ ಹೋದರು. ದನಗಳು ನಡೆದುಕೊಂಡೇ ಹೋದವಂತೆ. ಬೇಸಗೆ ಬಹಳ ಬಿರುಸಾದ ವರ್ಷ ನೀರಿಳಿದು ಹಿರೇಭಾಸ್ಕರದ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ. ಅಮ್ಮನ ಮನೆಯ ನೆಲ ಮಾತ್ರ ಯಾವ ಬೇಸಗೆಯಲ್ಲೂ ಕಂಡದ್ದಿಲ್ಲ. ಆ ಮನೆಯದೊಂದು ಫೋಟೋ ಕೂಡ ಇಲ್ಲ. ಅದು ಇದ್ದದ್ದಕ್ಕೆ ಈಗ ಉಳಿದಿರುವ ಸಾಕ್ಷಿಗಳು ಇಬ್ಬರೇ: ಅಮ್ಮ, ಮತ್ತು ಅವಳ ಅಣ್ಣ, ಎಂದರೆ ನಮ್ಮ ದೊಡ್ಡಮಾವ.

ಎರಡು ವರ್ಷದ ಕೆಳಗೆ ಆಷಾಢದಲ್ಲಿ, ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ ಹಿಡಿದಿದ್ದ ಒಂದು ಮಧ್ಯಾಹ್ನ, ಅಮ್ಮ ಮೊಮ್ಮಗನ ಬೆನ್ನ ಹಿಂದೆ ಕುಳಿತು ಅವನ ಆಟವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ಇದರಲ್ಲಿ ನಮ್ಮನೆ ಕಟ್ಟಲಿಕ್ಕೆ ಆಗ್ತದೇನೋ ಮಗಾ?” ಎಂದು ಕೇಳಿದಳು. ನಮ್ಮನೆ ಎಂದರೆ ಆ ಮನೆ. ನನ್ನ ತಂದೆಯ ಮನೆಯಲ್ಲಿ ಐವತ್ತು ವರ್ಷ ಬಾಳಿದ ಮೇಲೂ ಆ ಶಬ್ದದ ಅರ್ಥ ಅವಳಿಗೆ ಬದಲಾಗಿಲ್ಲ. ಹುಡುಗ ತಲೆ ಎತ್ತದೆ, “ಅಳತೆ ಹೇಳಜ್ಜಿ” ಎಂದ.

ಅಮ್ಮ ಅಳತೆ ಹೇಳಿದ್ದು ಮೊಳದಲ್ಲಿ. ಹುಡುಗ ಲೆಕ್ಕ ಹಾಕಿ ಎರಡು ಮೊಳಕ್ಕೆ ಒಂದು ಗಟ್ಟಿ ಎಂದು ಗೊತ್ತುಮಾಡಿಕೊಂಡ. ಜಗಲಿ ಇಪ್ಪತ್ತು ಮೊಳ, ನಡುಮನೆ ಹದಿನಾರು, ಅಟ್ಟದ ಏಣಿಗೆ ಒಂಬತ್ತು ಮೆಟ್ಟಿಲು. ಅಮ್ಮ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಎಡವಿದಲ್ಲಿ ದೊಡ್ಡಮಾವನಿಗೆ ಫೋನು ಹೋಗುತ್ತಿತ್ತು. ಅಡಕೆಮರ ಆ ಆಟದಲ್ಲಿಲ್ಲ. ಇರುವ ಮರಗಳ ಕಾಂಡವೋ ಮೀಟರು ದಪ್ಪ. ಹುಡುಗ ಬೇಲಿಗೂಟಗಳನ್ನು ಒಂದರ ಮೇಲೊಂದು ನಿಲ್ಲಿಸಿ ತುದಿಯಲ್ಲಿ ನಾಲ್ಕು ಹಿಡಿ ಎಲೆ ಇಟ್ಟ. “ದೂರದಿಂದ ನೋಡಿದರೆ ಅಡಕೆಮರವೇ” ಎಂದು ಅಮ್ಮ ಒಪ್ಪಿಗೆ ಕೊಟ್ಟಳು. ಅವಳು ಒಪ್ಪದೇ ಹೋದದ್ದು ಬಾಗಿಲನ್ನು. ಆ ಲೋಕದಲ್ಲಿ ಬಾಗಿಲೆಂದರೆ ಎರಡು ಗಟ್ಟಿ ಎತ್ತರ, ಹೆಚ್ಚಿಲ್ಲ ಕಡಿಮೆಯಿಲ್ಲ. ಆಟದ ಮನುಷ್ಯ ನೆಟ್ಟಗೆ ನಡೆದುಕೊಂಡೇ ಒಳಗೆ ಹೋಗುತ್ತಾನೆ. “ತಲೆ ತಗ್ಗಿಸದೆ ಒಳಗೆ ಬರೋ ಮನೆ ಅದೆಂಥ ಮನೆ?” ಎಂಬ ಅವಳ ಆಕ್ಷೇಪ ಇಂದಿಗೂ ಊರ್ಜಿತವಾಗಿಯೇ ಇದೆ.

ಹೀಗೆ ಎರಡು ಮಳೆಗಾಲದಲ್ಲಿ ಮನೆ ಎದ್ದಿತು. ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಐದು ದನ, ತೋಟ, ತೋಟಕ್ಕೆ ಇಳಿಯುವ ದಾರಿ, ದಾರಿಯ ಬಾಯಿಗೆ ದಣಪೆ. ಮಗಳು ಕೊಟ್ಟಿಗೆಯ ಉಸ್ತುವಾರಿ ವಹಿಸಿಕೊಂಡಳು. ನಾನು ಹಾಯುವಾಗ ಹೋಗುವಾಗ ಇಣುಕುತ್ತಿದ್ದೆ. ಮಕ್ಕಳ ಆಟ, ಮುದುಕಿಗೆ ಹೊತ್ತು ಹೋಗುತ್ತದೆ, ಎಂಬುದಕ್ಕಿಂತ ಹೆಚ್ಚಿನದನ್ನು ಅದರಲ್ಲಿ ನೋಡಬೇಕಾದ ಪ್ರಸಂಗ ಈ ವರ್ಷ ಮಗನಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕುವವರೆಗೆ ಬಂದಿರಲಿಲ್ಲ. ಅವನಿಗೆ ಹೊಸ ಲ್ಯಾಪ್‌ಟಾಪು ಬರಬೇಕು. ಹಳೆಯದು ಆಗಲೇ ಕಟಕಟ ಎನ್ನಲು ಆರಂಭಿಸಿತ್ತು. ರಿಪೇರಿ ಅಂಗಡಿಯ ಹುಡುಗ ಕಿವಿಗೊಟ್ಟು ಕೇಳಿ, ನಾಡಿ ನೋಡಿದ ಪಂಡಿತನಂತೆ, “ಇದರ ಡಿಸ್ಕಿನ ಭರವಸೆ ಇಟ್ಟುಕೋಬೇಡಿ ಸಾರ್” ಎಂದಿದ್ದ. ರಾತ್ರಿ ಊಟಕ್ಕೆ ಕುಳಿತಾಗ ಈ ಮಾತೆಲ್ಲ ಬಂತು. ಅಮ್ಮ ಮಜ್ಜಿಗೆ ಬಡಿಸುತ್ತಿದ್ದವಳು ಸೌಟು ನಿಲ್ಲಿಸಿ, “ಹಾಗಾದರೆ ಮನೆ ಏನಾಗ್ತದೆ?” ಎಂದು ಕೇಳಿದಳು. ಅದೇ ಪ್ರಶ್ನೆಯನ್ನು ಹಿಂದೊಮ್ಮೆ, ಇನ್ನೊಂದು ಅಡಿಗೆಮನೆಯಲ್ಲಿ, ಯಾರೋ ಕೇಳಿದ್ದಿರಬೇಕು.

ಆ ರಾತ್ರಿ ನಾನೂ ಮಗನೂ ಕುಳಿತೆವು. ಆ ಮನೆ ಎಲ್ಲಿದೆ, ಯಾವ ರೂಪದಲ್ಲಿದೆ ಎಂಬುದನ್ನು ಆಗಲೇ ನಾನು ನೋಡಿದ್ದು. ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಮರೆಯ ಫೋಲ್ಡರು. ಅದರೊಳಗೆ ‘ಸೇವ್ಸ್’ ಎಂಬ ಇನ್ನೊಂದು. ಅದರಲ್ಲಿ ಒಂದೊಂದು ಲೋಕಕ್ಕೆ ಒಂದೊಂದು ಫೋಲ್ಡರು. ಅಮ್ಮನ ಲೋಕದ ಹೆಸರು ‘ಅಜ್ಜಿಮನೆ’. ಅದನ್ನು ತೆರೆದರೆ ಮನೆಯೂ ಇಲ್ಲ ತೋಟವೂ ಇಲ್ಲ, ಫೈಲುಗಳು. ‘ಲೆವೆಲ್ ಡ್ಯಾಟ್’ ಎಂಬ ಪುಟ್ಟ ಫೈಲಿನಲ್ಲಿ ಲೋಕದ ಹೆಸರು, ಅಲ್ಲಿ ಈಗ ಎಷ್ಟು ಹೊತ್ತು, ಹುಟ್ಟುವವನು ಎಲ್ಲಿ ಹುಟ್ಟಬೇಕು ಇತ್ಯಾದಿ ಬ್ರಹ್ಮಲಿಪಿ. ಪಕ್ಕದಲ್ಲೇ ಅದರ ಹಿಂದಿನ ಪ್ರತಿ, ಹೊಸದು ಕೆಟ್ಟರೆ ಇರಲಿ ಎಂದು ಆಟವೇ ಇಟ್ಟುಕೊಂಡದ್ದು. ನೆಲವೆಲ್ಲ ಇರುವುದು ಬೇರೆ ಫೈಲುಗಳಲ್ಲಿ. ಒಂದೊಂದರಲ್ಲಿ 512 ಗಟ್ಟಿ ಉದ್ದ, 512 ಗಟ್ಟಿ ಅಗಲದ ಭೂಮಿ.

ನನಗೆ ಬಹಳ ಹಿಡಿಸಿದ ಸಂಗತಿ ಇದು: ಆ ಲೋಕ ನಡುವಿನಿಂದ ನಾಲ್ಕು ದಿಕ್ಕಿಗೂ ಮೂರು ಕೋಟಿ ಮೀಟರು ಚಾಚಬಲ್ಲದು, ಎಂದರೆ ನಮ್ಮ ಭೂಮಿಯ ಮೇಲ್ಮೈಯ ಸುಮಾರು ಏಳರಷ್ಟು. ಅಷ್ಟೊಂದು ಲೋಕ ಪೆನ್‌ಡ್ರೈವಿನ ಮೂಲೆಯಲ್ಲಿ ಹಿಡಿಸುವುದು ಹೇಗೆ? ಹೇಗೆಂದರೆ, ಯಾರೂ ಹತ್ತಿರಕ್ಕೆ ಹೋಗದ ನೆಲ ಇನ್ನೂ ಹುಟ್ಟಿಯೇ ಇಲ್ಲ. ನಡೆದಷ್ಟು, ಆ ನಡಿಗೆಯ ಆಸುಪಾಸು ಕಂಡಷ್ಟು, ಅದು ಮಾತ್ರ ಬರವಣಿಗೆಗೆ ಬರುತ್ತದೆ. ಉಳಿದದ್ದು ‘ಸೀಡ್’ ಎಂಬ ಒಂದು ದೊಡ್ಡ ಸಂಖ್ಯೆಯಲ್ಲಿ ಬೀಜರೂಪವಾಗಿ ಅಡಗಿದೆ. ಅದೇ ಬೀಜವನ್ನು ಬೇರೆ ಯಂತ್ರದಲ್ಲಿ ಬಿತ್ತಿದರೆ, ಆಟದ ಆವೃತ್ತಿ ಅದೇ ಆಗಿದ್ದರೆ, ಅದೇ ಗುಡ್ಡ ಅದೇ ಹೊಳೆ ಮತ್ತೆ ಹುಟ್ಟುತ್ತವೆ. “ಹಾಗಾದರೆ ಸಂಖ್ಯೆ ಬರೆದುಕೊಂಡರೆ ಸಾಲದೆ?” ಎಂದೆ. “ಗುಡ್ಡ ಬರತ್ತಪ್ಪ, ಮನೆ ಬರಲ್ಲ” ಎಂದ ಮಗ. ಪ್ರಕೃತಿ ಬೀಜದಿಂದ ಮರಳಿ ಬರುತ್ತದೆ. ಮನುಷ್ಯ ಮಾಡಿದ್ದನ್ನು ಪ್ರತಿ ಮಾಡಿಯೇ ಉಳಿಸಬೇಕು. ಗ್ರಂಥಸಂಪಾದನೆಯ ತರಗತಿಯಲ್ಲಿ ನಾನು ಒಂದು ಗಂಟೆ ಹೇಳುವ ಮಾತು ಅಷ್ಟರಲ್ಲಿ ಮುಗಿದಿತ್ತು.

ಪ್ರತಿ ಮಾಡುವುದಕ್ಕೆ ಮೊದಲು ಆಟವನ್ನು ಪೂರ್ತಿ ಮುಚ್ಚಬೇಕು ಎಂಬುದು ಮೊದಲ ನಿಯಮ. ತೆರೆದಿದ್ದಾಗಲೇ ನಕಲು ಮಾಡಿದರೆ ಒಂದು ಫೈಲು ಈ ಕ್ಷಣದ್ದು, ಇನ್ನೊಂದು ಹಿಂದಿನ ಕ್ಷಣದ್ದು ಆಗಿ ಲೋಕ ಹರಿದುಹೋಗಬಹುದು. ಕವಿ ಇನ್ನೂ ಪದ್ಯ ತಿದ್ದುತ್ತಿರುವಾಗಲೇ ಲಿಪಿಕಾರ ಪಕ್ಕದಲ್ಲಿ ಕುಳಿತು ಗೀಚಿಕೊಂಡರೆ ಆಗುವ ಅನರ್ಥ ಇದೇ. ಆಟದೊಳಗೇ ಪ್ರತಿ ಮಾಡುವ ಒಂದು ಗುಂಡಿಯೂ ಇದೆ. ಅದನ್ನೊತ್ತಿದರೆ ಲೋಕವನ್ನೆಲ್ಲ ಮಡಿಸಿ ಒಂದು ಗಂಟು ಕಟ್ಟಿ ಬೇರೊಂದು ಫೋಲ್ಡರಿನಲ್ಲಿಡುತ್ತದೆ. ಮಗ ಆ ಗುಂಡಿಯನ್ನು ಶ್ರದ್ಧೆಯಿಂದ ಒತ್ತುತ್ತ ಬಂದಿದ್ದ. ಎಂಟು ಗಂಟುಗಳಿದ್ದವು. ಎಂಟೂ ಕಟಕಟ ಎನ್ನುವ ಆ ಒಂದೇ ಡಿಸ್ಕಿನಲ್ಲಿ.

ಇಲ್ಲಿ ನನಗೆ ಅತ್ತಿಮಬ್ಬೆಯ ನೆನಪಾದದ್ದು ಸಹಜ. ಪೊನ್ನನ ಶಾಂತಿಪುರಾಣಕ್ಕೆ ಆಕೆ ಸಾವಿರ ಪ್ರತಿ ಬರೆಯಿಸಿದಳೆಂದು ಪ್ರತೀತಿ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳೆಲ್ಲ ಆ ‘ಸಾವಿರ’ವನ್ನು ತಪ್ಪದೆ ಬರೆಯುತ್ತಾರೆ, ‘ಹಂಚಿದಳು’ ಎಂಬುದನ್ನು ಅರ್ಧ ಮಂದಿ ಮರೆಯುತ್ತಾರೆ. ಸಾವಿರವನ್ನೂ ತನ್ನ ಮನೆಯ ಅಟ್ಟದಲ್ಲೇ ಪೇರಿಸಿಟ್ಟಿದ್ದರೆ ಒಂದು ಗೆದ್ದಲ ಸಾಲು ಸಾಕಾಗಿತ್ತು. ಅದೇ ಪೊನ್ನನ ಇನ್ನೊಂದು ಕಾವ್ಯ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ. ರನ್ನನ ಪರಶುರಾಮಚರಿತವೂ ಅಷ್ಟೆ. ಅವು ಕಳಪೆ ಕಾವ್ಯಗಳಾಗಿದ್ದವು ಎನ್ನಲು ನಮ್ಮಲ್ಲಿ ಆಧಾರವೇನಿದೆ? ಸರಿಯಾದ ಕಾಲದಲ್ಲಿ ಸರಿಯಾದಷ್ಟು ಊರುಗಳಲ್ಲಿ ಅವುಗಳ ಪ್ರತಿ ಇರಲಿಲ್ಲ, ಹೇಳಬಹುದಾದದ್ದು ಇಷ್ಟೆ. ಇದನ್ನೆಲ್ಲ ಆ ರಾತ್ರಿ ಮಗನಿಗೆ ಹೇಳಿದೆ. “ಸರಿ, ಪೆನ್‌ಡ್ರೈವ್ ಕೊಡಿ” ಎಂದ.

ಬೆಂಗಳೂರಿನ ಪ್ರತಿ ಸಲೀಸಾಗಿ ಆಯಿತು. ಹಳೆಯ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿಗೆ, ಪೆನ್‌ಡ್ರೈವಿನಿಂದ ಹೊಸದರಲ್ಲಿ ಅದೇ ಹೆಸರಿನ ಫೋಲ್ಡರಿಗೆ. ತೆರೆದರೆ ಜಗಲಿಯ ಮೇಲೆ ಹಚ್ಚಿಟ್ಟ ದೀಪ ಉರಿಯುತ್ತಲೇ ಇತ್ತು. ತೊಂದರೆ ಬಂದದ್ದು ಮಗಳ ಪ್ರತಿಗೆ. ಅವಳ ಬಳಿ ಇರುವುದು ಟ್ಯಾಬು. ಈ ಆಟದಲ್ಲಿ ಎರಡು ಮತಗಳಿವೆ: ಜಾವಾ ಎಂಬುದೊಂದು, ಬೆಡ್‌ರಾಕ್ ಎಂಬುದೊಂದು. ಲ್ಯಾಪ್‌ಟಾಪಿನದು ಜಾವಾ, ಟ್ಯಾಬಿನದು ಬೆಡ್‌ರಾಕ್. ಮೇಲುನೋಟಕ್ಕೆ ಒಂದೇ, ಬರೆದಿಡುವ ಲಿಪಿ ಮಾತ್ರ ಬೇರೆ. ಇದರ ಲೋಕ ಅದರಲ್ಲಿ ನೇರವಾಗಿ ತೆರೆಯುವುದಿಲ್ಲ. ನಡುವೆ ಒಬ್ಬ ಭಾಷಾಂತರಕಾರ ಬೇಕು. ಚಂಕರ್ ಎಂಬ ಅಂಥದೊಂದು ಸಾಧನವನ್ನು ಹುಡುಗ ಹುಡುಕಿದ. ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಗೆ ಟ್ಯಾಬಿನಲ್ಲಿ ಮನೆ ತೆರೆಯಿತು. ಹಂಚು ಸರಿ, ಮುಂಡಿಗೆ ಸರಿ, ತೋಟ ಸರಿ. ಕೊಟ್ಟಿಗೆ ಖಾಲಿ. ಕಟ್ಟಿದ್ದೆಲ್ಲ ಬಂದಿತ್ತು, ಉಸಿರಾಡುವುದು ಬಂದಿರಲಿಲ್ಲ. ಭಾಷಾಂತರದ ಬಗ್ಗೆ ನಾನು ಓದಿದ ಪ್ರಬಂಧಗಳಲ್ಲಿ ಇಷ್ಟು ಸ್ಪಷ್ಟವಾದ ನಿದರ್ಶನ ಕಂಡದ್ದಿಲ್ಲ.

ಮಗಳ ಕಣ್ಣಲ್ಲಿ ನೀರಾಡಿತು. ಐದು ದನಗಳಿಗೂ ಅವಳು ಹೆಸರಿಟ್ಟಿದ್ದಳು. ಅಮ್ಮ ಕನ್ನಡಕ ಏರಿಸಿಕೊಂಡು ಆ ಖಾಲಿ ಕೊಟ್ಟಿಗೆಯನ್ನು ನೋಡಿ, “ಆವತ್ತು ದನ ಬಂದವು, ಮನೆ ಬರಲಿಲ್ಲ. ಈಗ ಮನೆ ಬಂತು, ದನ ಬರಲಿಲ್ಲ. ಹೋಗಲಿ ಬಿಡೇ, ದನ ತರಬಹುದು” ಎಂದಳು. ಹಾಗೆಯೇ ಆಯಿತು. ಹುಡುಗಿ ಎಲ್ಲೋ ಬಯಲಿನಿಂದ ಗೋಧಿಯ ತೆನೆ ತೋರಿಸಿ ಐದು ದನಗಳನ್ನು ಹೊಡೆದುಕೊಂಡು ಬಂದು ಅವೇ ಹೆಸರುಗಳನ್ನಿಟ್ಟಳು.

ಈಗ ಮೂರು ತಿಂಗಳಾಯಿತು. ಇಲ್ಲಿಂದ ಮುಂದಿನದು ನನ್ನ ಕಸುಬಿಗೆ ಸೇರಿದ ಮಾತು. ಒಂದು ಮನೆಯನ್ನು ಹಿಸ್ಸೆ ಮಾಡಿದರೆ ಅಣ್ಣನಿಗೆ ಅರ್ಧ, ತಂಗಿಗೆ ಅರ್ಧ. ಪ್ರತಿ ಮಾಡಿದರೆ ಇಬ್ಬರಿಗೂ ಪೂರ್ತಿ. ಅದು ಲಾಭವೇ. ಆದರೆ ಪ್ರತಿಯಾದ ಮರುಗಳಿಗೆಯಿಂದ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಮಗ ಹಾಸ್ಟೆಲಿನಲ್ಲಿ ರಾತ್ರಿ ಓದು ಬೇಸರವಾದಾಗ ಅಟ್ಟದ ಮೇಲೆ ಪುಸ್ತಕದ ಕಪಾಟುಗಳನ್ನಿಟ್ಟಿದ್ದಾನೆ. ಅಮ್ಮನ ಮನೆಯ ಅಟ್ಟದಲ್ಲಿ ಇದ್ದದ್ದು ಪುಸ್ತಕವಲ್ಲ, ಉಪ್ಪಿನಕಾಯಿಯ ಭರಣಿ. ಗ್ರಂಥಸಂಪಾದಕರು ಇದನ್ನು ಪ್ರಕ್ಷೇಪ ಎನ್ನುತ್ತಾರೆ. ಮಗಳು ದಣಪೆಯ ಪಕ್ಕದಲ್ಲಿ ಒಂದು ಮರ ನೆಟ್ಟು ಅದನ್ನು ಅಪ್ಪೆಮಾವು ಎಂದಳು. ಅದನ್ನೂ ಪ್ರಕ್ಷೇಪ ಎನ್ನಲು ಹೊರಟಿದ್ದೆ. ಅಷ್ಟರಲ್ಲಿ ಅಮ್ಮ, “ಹೌದಲ್ಲೇ, ಅಲ್ಲೊಂದು ಮರ ಇತ್ತು, ನಾನೇ ಮರೆತಿದ್ದೆ” ಎಂದಳು. ಹಾಗಾದರೆ ಅದು ಮೂಲಪಾಠವೇ, ಮೊದಲ ಪ್ರತಿಯಲ್ಲಿ ಲೋಪವಾಗಿತ್ತು. ಮರ ಕಂಡದ್ದರಿಂದ ನೆನಪು ಹುಟ್ಟಿತೋ, ನೆನಪು ನಿಜವಾಗಿಯೂ ಇತ್ತೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ವಿದ್ವಾಂಸರು ಕೇಳುತ್ತಾರೆ. ಮಗನಾದವನು ಕೇಳಲಾರ.

ಇನ್ನೊಂದು ಪಾಠಾಂತರ ಹೆಚ್ಚು ಗಂಭೀರವಾದದ್ದು. ಗುಡ್ಡದಿಂದ ಅಡಕೆ ದಬ್ಬೆಯ ಮೇಲೆ ಹರಿದು ಬರುತ್ತಿದ್ದ ಅಬ್ಬಿ ನೀರು ಬಚ್ಚಲಿನ ಮೂಡಲ ಮಗ್ಗುಲಿಗೆ ಬೀಳುತ್ತಿತ್ತು ಎಂಬುದು ಅಮ್ಮನ ಪಕ್ಷ. ಕೊಟ್ಟಿಗೆಯ ಹಿಂದೆ ಬೀಳುತ್ತಿತ್ತು ಎಂಬುದು ದೊಡ್ಡಮಾವನ ಪಕ್ಷ. ಇಬ್ಬರೂ ಪ್ರತ್ಯಕ್ಷ ಸಾಕ್ಷಿಗಳು, ಇಬ್ಬರೂ ಅದೇ ನೀರಲ್ಲಿ ಮುಖ ತೊಳೆದವರು. ಮಗನ ಪ್ರತಿಯಲ್ಲಿ ಅಬ್ಬಿ ಅಮ್ಮ ಹೇಳಿದಲ್ಲಿದೆ. ಮಗಳು ಫೋನಿನಲ್ಲಿ ದೊಡ್ಡಮಾವನ ಮಾತು ಕೇಳಿ ತನ್ನ ಪ್ರತಿಯಲ್ಲಿ ಅದನ್ನು ಕೊಟ್ಟಿಗೆಯ ಹಿಂದಕ್ಕೆ ತಿರುಗಿಸಿದ್ದಾಳೆ. ಇದು ಗೊತ್ತಾದ ದಿನ ಅಮ್ಮ ಮಧ್ಯಾಹ್ನದ ಕಾಫಿ ಕುಡಿಯಲಿಲ್ಲ.

ಮಗ ರಜೆಗೆ ಬಂದಾಗ ಎರಡು ಲೋಕಗಳನ್ನೂ ಕೂಡಿಸಿ ಒಂದು ಮಾಡಿಬಿಡೋಣ ಎಂಬ ಸೂಚನೆ ಬಂತು. ಒಂದೇ ಮತದ ಎರಡು ಪ್ರತಿಗಳಾಗಿದ್ದರೆ ನೆಲವನ್ನು ತುಂಡು ತುಂಡಾಗಿ ಅತ್ತಿತ್ತ ಸಾಗಿಸಬಹುದಂತೆ. ಇವಕ್ಕೆ ನಡುವೆ ಮತ್ತೆ ಭಾಷಾಂತರಕಾರ ಬೇಕು, ಮತ್ತೆ ದನಗಳನ್ನು ಕಳೆದುಕೊಳ್ಳಬೇಕು. ಮಗಳು ಖಡಾಖಂಡಿತವಾಗಿ ಒಪ್ಪಲಿಲ್ಲ. ನಾನೂ ಅವಳ ಪರವಾಗಿ ನಿಂತೆ. ಹಸ್ತಪ್ರತಿಗಳಿಗೆ ಇಡುವಂತೆ ‘ಬೆಂ’ ಪ್ರತಿ, ‘ಶಿ’ ಪ್ರತಿ ಎಂದು ಹೆಸರಿಟ್ಟೆವು; ಬೆಂಗಳೂರಿನದು, ಶಿವಮೊಗ್ಗೆಯದು. ಹಳೆಯ ಲ್ಯಾಪ್‌ಟಾಪಿನಿಂದ ಇಳಿಸಿಕೊಂಡ ಮಾತೃಕೆ ಪೆನ್‌ಡ್ರೈವಿನಲ್ಲಿದೆ. ಅದನ್ನು ಯಾರೂ ಆಡಕೂಡದು, ತೆರೆಯುವುದಿದ್ದರೂ ಅದರ ಪ್ರತಿಯನ್ನೇ ತೆರೆಯಬೇಕು ಎಂದು ಕಟ್ಟಪ್ಪಣೆ. ಅಮ್ಮ ಆ ಪೆನ್‌ಡ್ರೈವನ್ನು ಮುಳುಗಡೆಯ ಪರಿಹಾರದ ಕಾಗದಗಳಿರುವ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಪೆನ್‌ಡ್ರೈವೂ ಶಾಶ್ವತವಲ್ಲವೆಂದು ಮಗ ಎಚ್ಚರಿಸಿದ್ದರಿಂದ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಅದನ್ನು ಹೊಸದಕ್ಕೆ ನಕಲು ಮಾಡುವುದೆಂದು ಗೊತ್ತಾಗಿದೆ. ಮಗಳ ಟ್ಯಾಬಿನದಕ್ಕೆ ಬೇರೆ ವ್ಯವಸ್ಥೆ. ಆಟವನ್ನು ಟ್ಯಾಬಿನಿಂದ ತೆಗೆದುಹಾಕಿದರೆ ಅದರೊಡನೆ ಲೋಕಗಳೂ ಹೊರಟುಹೋಗುವ ಸಂಭವವಿರುವುದರಿಂದ, ಪ್ರತಿ ಭಾನುವಾರ ಅವಳು ತನ್ನ ಲೋಕವನ್ನು ಒಂದೇ ಫೈಲಾಗಿ ಹೊರತೆಗೆದು ನನ್ನ ಕಾಲೇಜಿನ ಮಿಂಚಂಚೆಗೆ ಕಳುಹಿಸುತ್ತಾಳೆ. ವಿಶ್ವವಿದ್ಯಾನಿಲಯದ ಸುತ್ತೋಲೆಗಳ ನಡುವೆ ವಾರಕ್ಕೊಂದು ಮನೆ ಬಂದು ಬೀಳುತ್ತದೆ.

ಅಬ್ಬಿಯ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಎಂಬತ್ತು ದಾಟಿದ ದೊಡ್ಡಮಾವ, ಮಂಡಿನೋವಿದ್ದರೂ, ದೀಪಾವಳಿಗೆ ಖುದ್ದಾಗಿ ಬಂದು ನೋಡಿಯೇ ಹೇಳುತ್ತೇನೆಂದು ಫೋನು ಮಾಡಿದ್ದಾರೆ. ಅಮ್ಮ “ಬರಲಿ” ಎಂದಿದ್ದಾಳೆ.